ಮೂತಿ ಎತ್ತಿದರೆ ಸಾಯುವ 46 ಗ್ಲೋ ಎಂಜಿನ್: ಕಾರ್ಬುರೇಟರ್ ಬಾಯಿ ಅಗಲ ಮಾಡಬಹುದಾ?

ಬೇಡ, ಡ್ರಿಲ್ ಕೆಳಗಿಡಿ. ನಿಮ್ಮ ಮಾದರಿ ವಿಮಾನದ 46 ಗ್ಲೋ ಎಂಜಿನ್ (0.46 ಘನ ಇಂಚಿನದು, ಕಾದ ಪ್ಲಗ್ ತಂತಿಯಿಂದ ಇಂಧನ ಹೊತ್ತಿಸುವಂಥದ್ದು) ನೆಲದಲ್ಲಿ ಗಟ್ಟಿಯಾಗಿ ಓಡಿ, ಲೂಪ್‌ಗೆ (ಗಾಳಿಯಲ್ಲಿ ನಿಲುವು ಸುತ್ತು) ಎಳೆದ ತಕ್ಷಣ ದನಿ ಕೀರಲಾಗಿ ನಿಂತುಹೋಗುತ್ತೆ ಅಂತ ಬರೆದಿದ್ದೀರಿ. ಅದು ಇಂಧನ ಸಾಲದ ಲಕ್ಷಣ, ಗಾಳಿ ಸಾಲದ್ದಲ್ಲ. ಬಾಯಿ ಅಗಲ ಮಾಡಿದರೆ ಗಾಳಿಯ ರಭಸ ಇಳಿದು ಹೀರುವ ಶಕ್ತಿ ಇನ್ನೂ ಕಮ್ಮಿಯಾಗುತ್ತೆ. ವಿಮಾನ ನೆಟ್ಟಗೆ ಮೇಲೇರುವಾಗ ಟ್ಯಾಂಕ್ ತಳದಿಂದ ನೀಡಲ್‌ವರೆಗೆ (ಕಾರ್ಬುರೇಟರಿನಲ್ಲಿ ಇಂಧನ ಹೊಂದಿಸುವ ಸೂಜಿ) 15-20 ಸೆಂಮೀ ಎತ್ತರಕ್ಕೆ ಇಂಧನ ಹತ್ತಬೇಕು. ಹೀರುವಿಕೆ ದುರ್ಬಲವಾಗಿದ್ದರೆ ಈ ಎತ್ತರವೇ ಎಂಜಿನ್ ಕೊಲ್ಲುತ್ತೆ. ಹಾಗಾಗಿ ನಾನು ಹೇಳೋದು ಉಲ್ಟಾ: ಬಾಯಿ ಕಿರಿದು ಮಾಡಿ.

ಅದಕ್ಕೂ ಮೊದಲು ಟ್ಯಾಂಕ್ ನೋಡಿ, ಅರ್ಧ ಕಾಯಿಲೆ ಅಲ್ಲೇ ಇರುತ್ತೆ. ಟ್ಯಾಂಕಿನ ನಡುಗೆರೆ ನೀಡಲ್ ಮಟ್ಟದಲ್ಲಿ ಅಥವಾ 6-10 ಮಿಮೀ ಕೆಳಗೆ ಇರಲಿ, ಫೈರ್‌ವಾಲ್‌ಗೆ (ಎಂಜಿನ್ ಕೂರಿಸಿದ ಮುಂದಿನ ಹಲಗೆ) ಅಂಟಿಕೊಂಡಿರಲಿ, ಸುತ್ತ ಮೆತ್ತನೆ ಫೋಮ್ ಇರಲಿ. ನಡುಗಿದರೆ ಇಂಧನ ನೊರೆಯಾಗುತ್ತೆ. ಟ್ಯಾಂಕ್ ಒಳಗೆ ಇಂಧನ ಹೀರುವ ಪೈಪಿನ ತುದಿಯ ಗುಂಡು ಹಿಂಗೋಡೆಗೆ 6 ಮಿಮೀ ಬಿಟ್ಟು ಸಲೀಸಾಗಿ ತೂಗಬೇಕು. ಸೈಲೆನ್ಸರ್ ಒತ್ತಡದ ಪೈಪ್ ಟ್ಯಾಂಕ್‌ಗೆ ಬಂದಿದೆಯಾ? ಇಲ್ಲದಿದ್ದರೆ ಮುಂದಿನದೆಲ್ಲ ವ್ಯರ್ಥ. ಇಂಧನದ ಪೈಪಿನಲ್ಲಿ ಗುಳ್ಳೆ ಓಡುತ್ತಿದ್ದರೆ ಎಲ್ಲೋ ಸೂಜಿಮೊನೆ ತೂತಿದೆ, ಪೈಪನ್ನೇ ಬದಲಿಸಿ. ಕಾರ್ಬುರೇಟರ್ ಕುತ್ತಿಗೆಯ ಓ-ರಿಂಗ್ ಸುತ್ತ ಐಡಲ್‌ನಲ್ಲಿ ಎರಡು ಹನಿ ಎಣ್ಣೆ ಬಿಡಿ. ದನಿ ಬದಲಾದರೆ ಅಲ್ಲಿ ಗಾಳಿ ಸೋರುತ್ತಿದೆ.

ಇದೆಲ್ಲ ಸರಿಯಿದ್ದೂ ಸಾಯುತ್ತಿದ್ದರೆ ಕಾರ್ಬುರೇಟರ್ ಬಾಯಿ ಕಿರಿದು ಮಾಡಲು ಅದರೊಳಗೆ ಒಂದು ಬಳೆ ಹಾಕಿ. ಬಾಯಿ 8 ಮಿಮೀ ಇದೆ ಅಂದುಕೊಳ್ಳೋಣ, ನಿಮ್ಮದನ್ನು ವರ್ನಿಯರ್‌ನಲ್ಲಿ ಅಳೆಯಿರಿ. ತುಮಕೂರಿನ ಅಂತರಸನಹಳ್ಳಿ ಕಡೆಯ ಯಾವ ಲೇತ್ ಅಂಗಡಿಯಲ್ಲಾದರೂ ಅಲ್ಯೂಮಿನಿಯಂ ಬಳೆ ಕಡೆಸಬಹುದು: ಹೊರಸುತ್ತು ಬಾಯಿಗೆ ಬಿಗಿಯಾಗಿ ಕೂರುವಷ್ಟು, ಒಳಗೆ 7.5 ಮಿಮೀ, ಮೇಲೆ 1 ಮಿಮೀ ಅಂಚು. ಅಂಚು ಮರೆಯಬೇಡಿ, ಅದಿಲ್ಲದಿದ್ದರೆ ಬಳೆ ಸಡಿಲವಾದ ದಿನ ಎಂಜಿನ್ ಒಳಗೇ ಇಳಿಯುತ್ತೆ. ಒಳಬಾಯಿಯನ್ನು ಕಹಳೆ ತರಹ ದುಂಡಗೆ ಉಜ್ಜಿಸಿ. ಕೆಳತುದಿ ತಿರುಗುವ ಬ್ಯಾರೆಲ್‌ಗೆ (ಥ್ರಾಟಲ್ ತೆರೆದು ಮುಚ್ಚುವ ಉರುಳೆ) ತಾಗಬಾರದು. 7.5ಕ್ಕೆ ವಿಸ್ತೀರ್ಣ ಶೇ 12 ಇಳಿಯುತ್ತೆ, 7ಕ್ಕೆ ಹೋದರೆ ಶೇ 23. ಒಂದೇ ಸಲಕ್ಕೆ 7ಕ್ಕೆ ಹಾರಬೇಡಿ.

ಶಕ್ತಿ ಸ್ವಲ್ಪ ಹೋಗುತ್ತೆ, ಒಪ್ಪಲೇಬೇಕು. ತುಮಕೂರು ಸುಮಾರು 820 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿ ಚೆನ್ನೈಗಿಂತ ಹೆಚ್ಚುಕಮ್ಮಿ ಶೇ 8 ತೆಳು. ನೈಟ್ರೋ (ಶಕ್ತಿ ಹೆಚ್ಚಿಸಲು ಬೆರೆಸುವ ನೈಟ್ರೋಮೀಥೇನ್) ಇಲ್ಲದ ಇಂಧನವೂ ಆದರೆ ಎಂಜಿನ್ ಇನ್ನಷ್ಟು ಸೋಮಾರಿ. ಸಿಲಿಂಡರ್ ಹೆಡ್ ಕೆಳಗೆ ಎರಡು ಶಿಮ್ (ತೆಳು ಲೋಹದ ಬಿಲ್ಲೆ) ಇದ್ದರೆ, ಒಳಗಿನ ಒತ್ತಡ ಏರಿಸಲು 0.1 ಮಿಮೀದು ಒಂದನ್ನು ತೆಗೆಯಿರಿ. ಆಮೇಲೆ ಪ್ಲಗ್ ತೂತಿನಿಂದ ಸೋಲ್ಡರ್ ತಂತಿಯನ್ನು ಸಿಲಿಂಡರ್ ಗೋಡೆ ಮುಟ್ಟುವಂತೆ ಬಗ್ಗಿಸಿ ಇಳಿಸಿ, ಕೈಯಲ್ಲೇ ಒಂದು ಸುತ್ತು ತಿರುಗಿಸಿ, ಚಪ್ಪಟೆಯಾದ ತುದಿಯನ್ನು ಅಳೆಯಿರಿ, ಅದೇ ಪಿಸ್ಟನ್‌ಗೂ ಹೆಡ್‌ಗೂ ನಡುವಿನ ಸಂದು. 0.4 ಮಿಮೀಗಿಂತ ತೆಳ್ಳಗಾಗಿದ್ದರೆ ಶಿಮ್ ವಾಪಸ್ ಹಾಕಿ. ಓಡುವಾಗ ಹುರಿಗಡಲೆ ಸಿಡಿದ ಸದ್ದು ಬಂದರೆ, ಪ್ಲಗ್ ತಂತಿ ಮಂಕಾಗಿ ಒರಟಾಗಿದ್ದರೆ ಒತ್ತಡ ಅತಿಯಾಗಿದೆ. ಪ್ರೊಪೆಲರ್ 11x6 (ಇಂಚಿನಲ್ಲಿ ವ್ಯಾಸ ಮತ್ತು ಪಿಚ್, ಅಂದರೆ ಒಂದು ಸುತ್ತಿಗೆ ಮುಂದೆ ಸಾಗುವ ದೂರ) ಬದಲು 11x5 ಹಾಕಿದರೂ ಉಸಿರು ಬರುತ್ತೆ. ಹಾಂ, ಮನೆಯಲ್ಲಿ ಹುರಿದು ಕುದಿಸಿ ತೆಗೆದ ಹರಳೆಣ್ಣೆ ತಲೆಗೇ ಇರಲಿ, ಜಾರುಗೆಗೆಂದು ಇಂಧನಕ್ಕೆ ಬೆರೆಸೋದು ಬೇಡ. ನೀರಂಶವಿದ್ದರೆ ಇಂಧನದ ಮೆಥನಾಲ್‌ನಲ್ಲಿ ಕದಡಿದಂತೆ ಕಾಣಬಹುದು.

ಬಳೆ ಹಾಕಿದ ಮೇಲೆ ಹಳೆ ನೀಡಲ್ ಲೆಕ್ಕ ನಡೆಯಲ್ಲ, ಹೊಸದಾಗಿ ಹೊಂದಿಸಿ. ಫುಲ್ ಥ್ರಾಟಲ್‌ನಲ್ಲಿ ತುದಿ ವೇಗ ಹಿಡಿದು, ಅಲ್ಲಿಂದ 300-400 ಆರ್‌ಪಿಎಂ ಇಳಿಯುವಷ್ಟು ನೀಡಲ್ ಬಿಚ್ಚಿ. ಪ್ರೊಪೆಲರ್ ಹಿಂದೆ ನಿಂತು ಮೂತಿ ನೆಟ್ಟಗೆ ಎತ್ತಿ ಹತ್ತು ಸೆಕೆಂಡ್ ಹಿಡಿಯಿರಿ. ದನಿ ತುಸು ಏರಿ ಅಲ್ಲೇ ನಿಂತರೆ ಹಾರಿಸಿ. ಏರಿ ಕುಸಿದರೆ ನೀಡಲನ್ನು ಎರಡು ಕ್ಲಿಕ್ ಬಿಚ್ಚಿ ಮೂತಿ ಮತ್ತೆ ಎತ್ತಿ. ಆರು ಕ್ಲಿಕ್ ಬಿಚ್ಚಿದರೂ ಕುಸಿಯುತ್ತಿದ್ದರೆ 7 ಮಿಮೀ ಬಳೆ ಕಡೆಸಿ.