ಸಂಕರ ತೆಂಗಿನಿಂದ ಕೇಸರಿ ಸಸಿ ಬಂದದ್ದೇಕೆ?

ಪ್ರಶ್ನೆ: ನಮ್ಮ ತೋಟದ ಚಂದ್ರಸಂಕರ ತೆಂಗಿನ ಮರಗಳ ಮಡಲಿನ ದಂಡು ಕಂದು ಮಿಶ್ರಿತ ಹಸಿರು. ಅವುಗಳ ಕಾಯಿಗಳನ್ನೇ ಮೊಳಕೆಗಿಟ್ಟಾಗ ಕೆಲವು ಸಸಿಗಳು ಗೆಂದಾಳಿಯಂತೆ ಕೇಸರಿಯಾಗಿವೆ. ತಾಯಿಮರದಲ್ಲಿಲ್ಲದ ಬಣ್ಣ ಎಲ್ಲಿಂದ ಬಂತು? ಇವುಗಳನ್ನು ನೆಡಬಹುದೇ?
– ಕೃಷಿಕರೊಬ್ಬರು, ಬದಿಯಡ್ಕ

ಉತ್ತರ: ಬಣ್ಣ ಬಂದದ್ದು ಅಜ್ಜಿಯಿಂದ. ಚಾವಕ್ಕಾಡಿನ ಕೇಸರಿ ಗಿಡ್ಡ ತಳಿಯ ಹೂವಿಗೆ ಪಶ್ಚಿಮ ಕರಾವಳಿಯ ಎತ್ತರದ ತಳಿಯ ಪರಾಗ ಹಾಕಿ ಪಡೆದದ್ದು ಚಂದ್ರಸಂಕರ. ಯಾವ ಸಸಿಗೂ ತಾಯಿಯಿಂದೊಂದು, ತಂದೆಯಿಂದೊಂದು ಜೀನ್ ಸಿಗುತ್ತದೆ. ಕೇಸರಿಯ ಜೀನ್ ಅಪ್ರಬಲವಾದ್ದರಿಂದ, ಜೊತೆಯಲ್ಲಿ ಎತ್ತರದ ತಳಿಯ ಪ್ರಬಲ ಜೀನ್ ಇದ್ದರೆ ಅದು ಹೊರಗೆ ಕಾಣಿಸುವುದಿಲ್ಲ, ಆದರೆ ಅಳಿದೂ ಹೋಗುವುದಿಲ್ಲ. ನರ್ಸರಿಯವರಿಗೆ ಇದೇ ಗುರುತು: ಗಿಡ್ಡ ಮರದ ಹೂವಿಗೆ ಅದರದ್ದೇ ಪರಾಗ ಬಿದ್ದಿದ್ದರೆ ಸಸಿಯ ತೊಟ್ಟು ಕೇಸರಿಯಾಗಿರುತ್ತದೆ, ಅಂಥದನ್ನು ಸಂಕರವಲ್ಲವೆಂದು ತೆಗೆದುಹಾಕಿ ಕಂದು ಛಾಯೆಯದನ್ನು ಮಾತ್ರ ಉಳಿಸಿಕೊಳ್ಳುತ್ತಾರೆ.

ನಿಮ್ಮಲ್ಲಿ ಸಂಕರಕ್ಕೆ ಸಂಕರದ್ದೇ ಪರಾಗ ತಗಲಿರಬೇಕು. ಆಗ ಎರಡೂ ಕಡೆ ಅಡಗಿದ್ದ ಕೇಸರಿ ಜೀನ್‌ಗಳು ಸರಾಸರಿ ನಾಲ್ಕರಲ್ಲೊಂದು ಸಸಿಯಲ್ಲಿ ಒಟ್ಟುಗೂಡುತ್ತವೆ. ಮೆಂಡೆಲ್ 1866ರಲ್ಲಿ ಪ್ರಕಟಿಸಿದ ಬಟಾಣಿ ಪ್ರಯೋಗದಲ್ಲಿಯೂ ನೇರಳೆ ಹೂವಿನ ಸಂಕರ ಗಿಡಗಳಿಂದ 705 ನೇರಳೆ ಹೂವಿನ ಮತ್ತು 224 ಬಿಳಿ ಹೂವಿನ ಗಿಡಗಳು ಹುಟ್ಟಿದ್ದವು. ಪಕ್ಕದ ಎತ್ತರದ ಮರಗಳ ಪರಾಗ ಬಿದ್ದ ಕಾಯಿಗಳಲ್ಲಿ ಸಾಮಾನ್ಯವಾಗಿ ಈ ಬಣ್ಣ ಬಾರದು. ಹಾಗಾಗಿ ನಿಮ್ಮ ಎಣಿಕೆ ನಾಲ್ಕಕ್ಕೊಂದಕ್ಕಿಂತ ಕಡಿಮೆ ಬಂದರೆ ಆಶ್ಚರ್ಯವಿಲ್ಲ.

ನೆಡುವ ವಿಚಾರದಲ್ಲಿ ಬಣ್ಣಕ್ಕಿಂತ ಇಳುವರಿಯ ಚಿಂತೆ ದೊಡ್ಡದು. ಇಳುವರಿಯನ್ನು ಹಲವು ಜೀನ್‌ಗಳು ಸೇರಿ ನಿರ್ಧರಿಸುವುದರಿಂದ, ಸಂಕರದ ಮುಂದಿನ ಪೀಳಿಗೆಯಲ್ಲಿ ಮರಗಳು ಒಂದೊಂದು ಒಂದೊಂದು ಬಗೆಯಾಗುತ್ತವೆ. ನಿಮ್ಮ ಜಿಲ್ಲೆಯ ನೀಲೇಶ್ವರದಲ್ಲಿ 1932ರಲ್ಲಿ ತೆಂಗಿನ ಸಂಕರಣ ಆರಂಭವಾದಂದಿನಿಂದ ಇಂದಿನವರೆಗೂ, ಪ್ರತಿ ಸಲವೂ ಹಿಂಗಾರದ ಗಂಡುಹೂಗಳನ್ನು ಕಿತ್ತು ಹೊಸದಾಗಿ ಪರಾಗ ಹಾಕಿಯೇ ಸಂಕರ ಬೀಜ ಪಡೆಯಬೇಕಾಗಿರುವುದು ಇದೇ ಕಾರಣಕ್ಕೆ. ಬೊಂಡದ ಆಸೆಗೆ ಹಿತ್ತಲಲ್ಲಿ ಒಂದೆರಡು ಕೇಸರಿ ಸಸಿ ನೆಡಿ, ತೋಟಕ್ಕೆ ಬೇಡ.

ಪ್ರಶ್ನೆ: ತಂದೆಯ ರಕ್ತದ ಗುಂಪು ಎ, ತಾಯಿಯದು ಬಿ, ಮಗುವಿನದು ಒ ಆಗಲು ಸಾಧ್ಯವೇ?
– ಓದುಗರೊಬ್ಬರು, ಮಂಜೇಶ್ವರ

ಉತ್ತರ: ಸಾಧ್ಯ, ಇದನ್ನು ಹಿಡಿದುಕೊಂಡು ಮನೆಯಲ್ಲಿ ಅನುಮಾನದ ಮಾತು ಬೇಡ. ಎ ಮತ್ತು ಬಿ ಜೀನ್‌ಗಳು ಕೆಂಪು ರಕ್ತಕಣದ ಮೇಲೆ ತಮ್ಮ ತಮ್ಮ ಸಕ್ಕರೆಯ ಅಣುವನ್ನು ಜೋಡಿಸುವ ಕಿಣ್ವವನ್ನು ತಯಾರಿಸುತ್ತವೆ. ಒ ಜೀನ್‌ನಿಂದ ಕೆಲಸ ಮಾಡುವ ಕಿಣ್ವ ಹುಟ್ಟುವುದಿಲ್ಲ. ಆದ್ದರಿಂದ ಎ ಅಥವಾ ಬಿ ಜೊತೆಗಿದ್ದರೆ ಒ ಮರೆಯಾಗಿರುತ್ತದೆ. ದಂಪತಿಗಳಿಬ್ಬರಲ್ಲೂ ಹೀಗೆ ಒ ಅಡಗಿದ್ದರೆ ಪ್ರತಿ ಹೆರಿಗೆಯಲ್ಲೂ ಮಗು ಒ ಗುಂಪಿನದಾಗುವ ಸಂಭವ ನಾಲ್ಕರಲ್ಲೊಂದು. ಅಪ್ರಬಲವಾದ ಮಾತ್ರಕ್ಕೆ ಅದು ಅಪರೂಪವೂ ಅಲ್ಲ. ದಕ್ಷಿಣ ಭಾರತದಲ್ಲಿ ಒ ಗುಂಪಿನವರೇ ಹೇರಳ.