ಟಿಕ್ ಟಿಕ್ ಅಂತಿರೋ ಡಿಸ್ಕಿಗೆ ಸಾಫ್ಟ್‌ವೇರ್ ಹುಡುಕ್ಬೇಡಿ, ಮೊದ್ಲು ಕರೆಂಟ್ ತೆಗೀರಿ

ಅಟ್ಟದಿಂದ ಬಿದ್ದ ವಿಂಡೋಸ್ 98 ಕಾಲದ ಹಾರ್ಡ್ ಡಿಸ್ಕು ಟಿಕ್ ಟಿಕ್ ಅಂತಿದೆ, ಯಾವ ರಿಕವರಿ ಸಾಫ್ಟ್‌ವೇರ್ ಹಾಕ್ಲಿ, ಫ್ರೀಜರಲ್ಲಿ ಇಟ್ರೆ ಸರಿಹೋಗುತ್ತಂತೆ ಹೌದಾ ಅಂತ ಕೇಳಿದೀರ. ಎರಡೂ ಬೇಡ. ಇದನ್ನ ಓದ್ತಿರೋವಾಗ್ಲೂ ಅದು ಆನ್ ಇದ್ರೆ ಎದ್ದು ಹೋಗಿ ಕರೆಂಟ್ ತೆಗೀರಿ, ಆಮೇಲೆ ಮುಂದಕ್ಕೆ ಓದಿ.

ನಮ್ಮ ದೊಡ್ಡಪ್ಪ ತೀರ್ಥಹಳ್ಳಿ ಕಡೆಯೋರು, ಮೇಷ್ಟ್ರಾಗಿದ್ರು. ದೀಪಾವಳಿಗೆ ಅಂಟಿಗೆ ಪಂಟಿಗೆಯೋರು ದೀಪ ಹಿಡ್ಕೊಂಡು ಮನೆ ಮನೆಗೆ ಬಂದು ಹಾಡ್ತಾರಲ್ಲ, ಆ ಪದಗಳು, ಮದುವೆಮನೆ ಶೋಬಾನೆ ಪದಗಳು, ಲಿಂಗನಮಕ್ಕಿ ಅಣೆಕಟ್ಟಿಂದ ಊರು ಮುಳುಗಡೆಯಾಗಿ ಶಿವಮೊಗ್ಗ ಕಡೆ ಬಂದು ನೆಲೆಸಿದ ಮನೆಗಳ ಅಜ್ಜಿಯರ ಹತ್ರ ಕೂತು ಹಾಡಿಸಿ ಬರ್ಕೊಂಡ ಪದಗಳು, ಎಲ್ಲಾನೂ ರಿಟೈರ್ ಆದ್ಮೇಲೆ ಒಂದೊಂದೇ ಕಂಪ್ಯೂಟರಲ್ಲಿ ಟೈಪ್ ಮಾಡಿಟ್ಟಿದ್ರು. ಬರೆದ ನೋಟ್‌ಬುಕ್ಕುಗಳು ಗೆದ್ದಲು ಪಾಲಾದ್ವು. ಹಾಡಿದೋರು ಈಗಿಲ್ಲ, ದೊಡ್ಡಪ್ಪಾನೂ ಇಲ್ಲ, ಉಳಿದಿದ್ದು 4.3 ಜಿಬಿಯ ಆ ಡಿಸ್ಕ್ ಒಂದೇ.

ವರ್ಷಗಟ್ಟಲೆ ಅಟ್ಟದಲ್ಲಿದ್ದ ಕಂಪ್ಯೂಟರನ್ನ ಇಳಿಸಿ ಆನ್ ಮಾಡಿದ್ರೆ ಡಿಸ್ಕು ಸಣ್ಣಕೆ ಕುಯ್ ಅಂತು, ತಿರುಗಲಿಲ್ಲ. ಆ ಕಾಲದ ಬಹಳಷ್ಟು ಡಿಸ್ಕುಗಳಲ್ಲಿ ಆಫ್ ಆದಾಗ ಹೆಡ್ಡು (ಓದೋ ಬರೆಯೋ ಸಣ್ಣ ತುದಿ) ಪ್ಲ್ಯಾಟರ್ (ಫೈಲುಗಳೆಲ್ಲ ಇರೋ, ತಿರುಗೋ ತಟ್ಟೆ) ಮೇಲೇ ಇಳಿದು ಕೂರುತ್ತೆ. ಎರಡೂ ನುಣುಪು, ಮಧ್ಯೆ ತೆಳ್ಳಗೆ ಲೂಬ್ರಿಕೆಂಟು, ಅದರ ಜೊತೆ ನಮ್ಮ ಮಳೆಗಾಲದ ಥಂಡಿ, ಕಚ್ಕೊಂಡುಬಿಡುತ್ತೆ. ಇದಕ್ಕೆ ಸ್ಟಿಕ್ಷನ್ ಅಂತಾರೆ. ಗೊತ್ತಿದ್ದೋರೊಬ್ರು ಡಿಸ್ಕನ್ನ ಅಂಗೈಲಿ ಮಟ್ಟಸವಾಗಿ ಹಿಡ್ಕೊಂಡು ಮಣಿಕಟ್ಟನ್ನ ಒಂದೇ ಸಲ ಚುರುಕಾಗಿ ತಿರುಗಿಸಿ ಕೊಟ್ರು, ಆಮೇಲೆ ಅದು ತಿರುಗ್ತು. (ನಿಮ್ದು ಬಿದ್ದು ಟಿಕ್ ಟಿಕ್ ಅಂತಿರೋದು, ಅದು ಬೇರೆ ಕಾಯಿಲೆ, ಇದನ್ನ ಅದ್ರ ಮೇಲೆ ಮಾಡಬೇಡಿ.)

ಇಲ್ಲೇ ನಾನು ತಪ್ಪು ಮಾಡಿದ್ದು, ಇದನ್ನ ಬಿಡಿಸಿ ಹೇಳಲೇಬೇಕು. ತಿರುಗಿದ ಡಿಸ್ಕನ್ನ ಅದೇ ಹಳೇ ಕಂಪ್ಯೂಟರಿಗೆ ಹಾಕಿ ಅದ್ರಿಂದಲೇ ವಿಂಡೋಸ್ ಬೂಟ್ ಮಾಡ್ದೆ. ದೊಡ್ಡಪ್ಪನ ಡೆಸ್ಕ್‌ಟಾಪ್ ಬಂತು, ಮನೆಯೋರನ್ನೆಲ್ಲ ಕರೆದು ಒಂದೊಂದೇ ಫೈಲ್ ತೆಗೆದು ತೋರಿಸ್ತಾ ಕೂತೆ. ಓದ್ತಾ ಇದೀನಿ ಅಷ್ಟೇ, ಏನಾಗುತ್ತೆ ಅಂತ ನನ್ನ ಲೆಕ್ಕ, ಆದ್ರೆ ವಿಂಡೋಸ್ 98 ಬೂಟ್ ಆಯ್ತು ಅಂದ್ರೇನೇ ಡಿಸ್ಕ್ ಮೇಲೆ ಬರೆಯೋಕೆ ಶುರು ಮಾಡಿರುತ್ತೆ, ಸ್ವಾಪ್ ಫೈಲ್ (ಮೆಮೊರಿ ಸಾಲದಾಗ ಬಳಸೋದು) ಬರೆಯುತ್ತೆ, ರಿಜಿಸ್ಟ್ರಿ (ವಿಂಡೋಸಿನ ಸೆಟ್ಟಿಂಗುಗಳು) ಬರೆಯುತ್ತೆ, ನೀವೊಂದು ಫೈಲ್ ಬರೀ ತೆಗೆದು ನೋಡಿದ್ರೂ ಇಂಥ ದಿನ ನೋಡಿದ್ರು ಅಂತ ತಾರೀಕು ಬರೆಯುತ್ತೆ. ಪ್ರತಿ ಫೈಲಿಗೂ ಹೆಡ್ಡು ಡಿಸ್ಕಿನ ಶುರುವಲ್ಲಿರೋ ಫ್ಯಾಟ್ ಟೇಬಲ್ಲಿಗೆ (ಯಾವ ಫೈಲು ಎಲ್ಲೆಲ್ಲಿದೆ ಅನ್ನೋ ಪಟ್ಟಿ) ಹೋಗ್ಬೇಕು, ವಾಪಸ್ ಬರ್ಬೇಕು. ಒಂದು ಸೆಕ್ಟರ್, ಅಂದ್ರೆ ಡಿಸ್ಕಿನ ಒಂದು ಚಿಕ್ಕ ತುಂಡು ಜಾಗ, ಕೆಟ್ಟಿದ್ರೆ ಡಿಸ್ಕು ತಾನೇ ಅದನ್ನ ಮತ್ತೆ ಮತ್ತೆ ಓದಕ್ಕೆ ನೋಡುತ್ತೆ, ಮೊದ್ಲೇ ಸವೆದ ಹೆಡ್ಡು ಅದೇ ಜಾಗದ ಮೇಲೆ ಓಡ್ತಾನೇ ಇರುತ್ತೆ. ಅಷ್ಟರಲ್ಲಿ ಮಳೆಗೆ ಕರೆಂಟ್ ಹೋಯ್ತು. ಯುಪಿಎಸ್ ಇರ್ಲಿಲ್ಲ. ಕರೆಂಟ್ ಬಂದ್ಮೇಲೆ ಆನ್ ಮಾಡಿದ್ರೆ ನೀಲಿ ಸ್ಕ್ರೀನಲ್ಲಿ ಸ್ಕ್ಯಾನ್‌ಡಿಸ್ಕ್ ಅನ್ನೋ ವಿಂಡೋಸಿನ ಡಿಸ್ಕ್ ರಿಪೇರಿ ಪ್ರೋಗ್ರಾಮ್ ತಾನಾಗೇ ಶುರುವಾಯ್ತು, ರಿಪೇರಿ ತಾನೇ ಮಾಡ್ಕೊಳ್ಳಲಿ ಅಂತ ಬಿಟ್ಟೆ. ಅದು ಹೆಸರಿದ್ದ ಫೈಲುಗಳನ್ನ ಚೂರು ಮಾಡಿ ಸಿಎಚ್‌ಕೆ ಅನ್ನೋ ನಂಬರ್ ಫೈಲುಗಳಾಗಿ ಕೂಡಿಟ್ತು, ಮಧ್ಯದಲ್ಲೇ ಟಿಕ್ ಟಿಕ್ ಶುರುವಾಯ್ತು.

ಆ ಡಿಸ್ಕು ಸರಿಯಾಗಿ ತಿರುಗ್ತಿದ್ದಾಗ ಸೆಕೆಂಡಿಗೆ 2 ಎಂಬಿ ಲೆಕ್ಕದಲ್ಲಿ ಓದಿದ್ರೂ ಪೂರ್ತಿ ಡಿಸ್ಕ್ ಕಾಪಿ ಆಗೋಕೆ ಒಂದು ಗಂಟೆನೂ ಬೇಕಿರ್ಲಿಲ್ಲ. ಆ ಒಂದು ಗಂಟೆನ ನಾನು ಫೈಲ್ ತೆಗೆದು ತೋರಿಸೋಕೆ ಬಳಸ್ದೆ.

ಕೊನೆಗೆ ಡಿಸ್ಕನ್ನ ಬೆಂಗಳೂರಿನ ಡೇಟಾ ರಿಕವರಿ ಲ್ಯಾಬಿಗೆ ಕೊಟ್ಟೆ, ಅವ್ರು ಕ್ಲೀನ್ ರೂಮ್ (ಧೂಳಿಲ್ಲದ ಕೋಣೆ) ಒಳಗೆ ಬಿಚ್ಚಿ ಫೋಟೋ ಕಳ್ಸಿದ್ರು. ಕನ್ನಡಿ ಥರದ ಪ್ಲ್ಯಾಟರ್ ಮೇಲೆ ಕೂದಲೆಳೆ ದಪ್ಪದ ಒಂದು ಉಂಗುರ, ಹೆಡ್ಡು ಕೆರೆದಿದ್ದು. ಕೆರೆದ ಜಾಗದ ಮ್ಯಾಗ್ನೆಟಿಕ್ ಲೇಯರ್ ಪುಡಿಯಾಗಿ ಹೋಗಿರುತ್ತೆ, ಅಲ್ಲಿದ್ದಿದ್ದನ್ನ ಯಾವ ಸಾಫ್ಟ್‌ವೇರೂ ತರಲ್ಲ. ಅದೇ ಮಾಡೆಲ್ಲಿನ ಇನ್ನೊಂದು ಡಿಸ್ಕಿಂದ ಹೆಡ್ ತೆಗೆದು ಹಾಕಿ ಉಳಿದಿದ್ದನ್ನ ಇಮೇಜ್ ಮಾಡಿ, ಅಂದ್ರೆ ಡಿಸ್ಕಲ್ಲಿದ್ದಿದ್ದನ್ನ ಇದ್ದ ಹಾಗೇ ಕಾಪಿ ಮಾಡಿ, ಕೊಟ್ರು.

ಹಾಗಾಗಿ ನನ್ನ ಪ್ರಕಾರ ಯಾವ ಸಾಫ್ಟ್‌ವೇರ್ ಅನ್ನೋ ಪ್ರಶ್ನೇನೇ ತಪ್ಪು. ಟಿಕ್ ಟಿಕ್ ಅಂದ್ರೆ ಹೆಡ್ಡಿಗೆ ಓದಬೇಕಾದ ಟ್ರ್ಯಾಕ್ (ಪ್ಲ್ಯಾಟರ್ ಮೇಲಿನ ಸುತ್ತು) ಸಿಗ್ತಿಲ್ಲ, ಹುಡುಕಿ ಹುಡುಕಿ ವಾಪಸ್ ಬರ್ತಿದೆ ಅಂತ. ಒಳಗಿನದು ಬೇಕೇ ಬೇಕು ಅಂದ್ರೆ ಕ್ಲೀನ್ ರೂಮ್ ಇರೋ ಲ್ಯಾಬಿಗೇ ಕೊಡಿ, ದುಡ್ಡಿಲ್ಲ ಅಂದ್ರೆ ದುಡ್ಡಾಗೋವರೆಗೆ ಸುಮ್ನೆ ಎತ್ತಿಡಿ, ಗಾಳಿಯಾಡದ ಡಬ್ಬಿಲಿ ಸಿಲಿಕಾ ಜೆಲ್ ಹಾಕಿ. ಬಳಸದೆ ಇಟ್ಟ ಡಿಸ್ಕು ಕಾಯುತ್ತೆ. ಫ್ರೀಜರಿಂದ ತೆಗೆದ ತಕ್ಷಣ ತಣ್ಣಗಿನ ಲೋಹದ ಮೇಲೆ ನೀರು ಕೂರುತ್ತೆ, ಗಾಳಿ ಒಳಗೆ ಹೊರಗೆ ಆಡೋಕೆ ಡಿಸ್ಕಿಗೆ ಸಣ್ಣ ತೂತು ಬೇರೆ ಇರುತ್ತೆ, ಪ್ಲ್ಯಾಟರ್ ಮೇಲೂ ತೇವ ಬಂದ್ರೆ ಕಥೆ ಮುಗೀತು. ಮನೇಲಿ ಮುಚ್ಚಳ ಬಿಚ್ಚೋದಂತೂ ಬೇಡವೇ ಬೇಡ, ಡಿಸ್ಕು ತಿರುಗೋವಾಗ ಹೆಡ್ಡು ಪ್ಲ್ಯಾಟರ್ ಮೇಲೆ ಹಾರೋ ಎತ್ತರಕ್ಕೆ ಒಂದು ಧೂಳಿನ ಕಣ ಅಂದ್ರೆ ಗುಡ್ಡ.

ಇದನ್ನ ಓದೋ ಬೇರೆಯೋರ ಡಿಸ್ಕು ಇನ್ನೂ ಸದ್ದಿಲ್ಲದೆ ತಿರುಗ್ತಿದ್ರೆ, ಅದ್ರಿಂದ ಬೂಟ್ ಮಾಡ್ಬೇಡಿ. ಬೇರೆ ಕಂಪ್ಯೂಟರನ್ನ ಯುಪಿಎಸ್ ಮೇಲಿಟ್ಟು, ಪೆನ್‌ಡ್ರೈವಿಂದ ಲಿನಕ್ಸ್ ಹಾಕಿ, ಡಿಸ್ಕನ್ನ ಮೌಂಟ್ ಮಾಡದೆ (ಫೈಲ್ ನೋಡೋಕೆ ತೆರೆಯದೆ) ಡಿಡಿರೆಸ್ಕ್ಯೂ ಅನ್ನೋ ಕಾಪಿ ಪ್ರೋಗ್ರಾಮ್ ಓಡಿಸಿ ಇಮೇಜ್ ತೆಗೀರಿ, ಎಲ್ಲೀವರೆಗೆ ಓದಾಯ್ತು ಅಂತ ಗುರುತಿಡೋ ಮ್ಯಾಪ್ ಫೈಲ್ ಕೊಡೋದು ಮರೀಬೇಡಿ. ಅದು ಮೊದ್ಲು ಚೆನ್ನಾಗಿರೋ ಜಾಗ ಎಲ್ಲಾ ಓದ್ಕೊಂಡು ಕೆಟ್ಟಿದ್ದನ್ನ ಕೊನೆಗೆ ಮುಟ್ಟುತ್ತೆ, ನಿಂತ್ರೂ ಬಿಟ್ಟಲ್ಲಿಂದ ಶುರು ಮಾಡಬಹುದು. ಆಮೇಲೆ ಏನೇ ಮಾಡೋದಿದ್ರೂ ಆ ಇಮೇಜಿನ ಕಾಪಿ ಮೇಲೆ.

ಇನ್ನೊಂದು ಮುಖ್ಯ ವಿಷಯ. ಲ್ಯಾಬಿಂದ ಬಂದಿದ್ದನ್ನ ತೆಗೆದಾಗ ಎಲ್ಲಾ ಫೈಲೂ ತಲೆ ಮೇಲೆ ಗೀಟು ಎಳೆದ ಇಂಗ್ಲಿಷ್ ಅಕ್ಷರಗಳ ಕಸದ ಥರ ಕಾಣ್ತಿತ್ತು. ಅದು ಕೆಟ್ಟಿದ್ದಲ್ಲ. ಆಗ ಯೂನಿಕೋಡ್ (ಪ್ರತಿ ಭಾಷೆ ಅಕ್ಷರಕ್ಕೂ ತನ್ನದೇ ನಂಬರ್ ಕೊಡೋ ಪದ್ಧತಿ) ಇನ್ನೂ ನಮ್ಮಲ್ಲಿ ಬಳಕೆಗೆ ಬಂದಿರ್ಲಿಲ್ಲ, ನುಡಿ, ಬರಹ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನ ಇಟ್ಟಿದ್ವು. ಎಡಕ್ಕೆ ವಾಲಿದ ಗೀಟು ಹೊತ್ತ ದೊಡ್ಡ ಎ ಅಂದ್ರೆ ತಲಕಟ್ಟು, ಕನ್ನಡದ ಸಾಲಂದ್ರೆ ಅದು ಇದ್ದೇ ಇರುತ್ತೆ. ಹೆಸರು ಕಳ್ಕೊಂಡ ಚೂರುಗಳಲ್ಲಿ ಆ ಒಂದು ಅಕ್ಷರ ಎಲ್ಲಿ ದಟ್ಟವಾಗಿದೆ ಅಂತ ಹುಡುಕಿ, ಸಿಕ್ಕಿದ್ದನ್ನ ಆಸ್ಕಿ ಟು ಯೂನಿಕೋಡ್ ಕನ್ವರ್ಟರಿಗೆ (ಹಳೇ ಫಾಂಟಿನ ಬರಹವನ್ನ ಯೂನಿಕೋಡಿಗೆ ಬದಲಾಯಿಸೋದು) ಹಾಕಿದ್ರೆ ಪದಗಳು ಬಂದ್ವು, ಸುಮಾರು ಅರ್ಧದಷ್ಟು. ಮುಳುಗಡೆ ಮನೆಗಳ ಹಾಡುಗಳಲ್ಲಿ ಹೆಚ್ಚಿನವು ಆ ಉಂಗುರದ ಜಾಗದಲ್ಲಿದ್ವು ಅಂತ ಕಾಣುತ್ತೆ, ಸಿಗಲೇ ಇಲ್ಲ. ನಿಮ್ದರಲ್ಲೂ ಕನ್ನಡ ಫೈಲಿದ್ರೆ ಲ್ಯಾಬಿನೋರಿಗೆ ಇದನ್ನ ಮೊದಲೇ ಹೇಳಿ, ಇಲ್ಲಾಂದ್ರೆ ಅವ್ರು ಕೆಟ್ಟ ಫೈಲು ಅಂತ ತೆಗೆದುಹಾಕಬಹುದು.

ಡಿಸ್ಕಿನ ಸ್ಟಿಕ್ಕರ್ ಫೋಟೋ ತೆಗೆದು ಕಾಮೆಂಟಲ್ಲಿ ಹಾಕಿ, ಮಾಡೆಲ್ ನಂಬರ್ ಕಾಣೋ ಹಾಗೆ, ಅದೇ ಮಾಡೆಲ್ಲಿನ ಇನ್ನೊಂದು ಎಲ್ಲಾದ್ರೂ ಸಿಗುತ್ತಾ ನಾನೂ ವಿಚಾರಿಸ್ತೀನಿ. ಸದ್ದು ರೆಕಾರ್ಡ್ ಮಾಡಿ ಕಳ್ಸೋಕೆ ಅಂತ ಮತ್ತೆ ಆನ್ ಮಾಡಬೇಡಿ.