ಸೌದೆ ಇದೆ, ಪುಳ್ಳೆ ಎಲ್ಲಿ?

ಚಳಿ ಶುರುವಾದರೆ ಸಾಕು, ಕ್ಯಾಂಪ್ ಫೈರ್ ಹಾಕುವುದು ಹೇಗೆ ಎಂಬ ಒಂದೇ ಪ್ರಶ್ನೆ ಹತ್ತು ವೇಷ ಹಾಕಿಕೊಂಡು ಬರುತ್ತದೆ. ಈ ಸಲ ಒಟ್ಟಿಗೆ ಮುಗಿಸಿಬಿಡೋಣ. ಬೆಂಕಿಕಡ್ಡಿ ಗೀರುವುದು ಹೇಗೆ ಅನ್ನುವುದನ್ನೆಲ್ಲ ಹೇಳುವುದಿಲ್ಲ.

ಪ್ರಶ್ನೆ: ಕನಕಪುರ ರಸ್ತೆಯ ತೋಟವೊಂದಕ್ಕೆ ಗೆಳೆಯರು ಹೋಗಿದ್ದೆವು. ಡಿಪೋದಿಂದ 20 ಕಿಲೋ ಸೌದೆ, ಮನೆಯಿಂದ ಒಂದು ವಾರದ ಪೇಪರ್ ಒಯ್ದಿದ್ದೆವು. ಪೇಪರ್ ಧಗ್ಗನೆ ಉರಿದು ಆರಿತು, ಆಮೇಲೆ ಬರೀ ಹೊಗೆ. ಬೈಕಿನ ಪೆಟ್ರೋಲ್ ಸುರಿದರೂ ಐದೇ ನಿಮಿಷ. ಮನೆಯಲ್ಲಿರುವ ಯಾವ ವಸ್ತು ಒಯ್ದರೆ ಕ್ಯಾಂಪ್ ಫೈರ್ ನಿಲ್ಲುತ್ತದೆ? (ಜೆ.ಪಿ. ನಗರ)

ಉತ್ತರ: ಮೊದಲು ಪೆಟ್ರೋಲ್. ಅದರ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ತೆವಳಿಕೊಂಡು ನಿಮ್ಮ ಕಾಲ ಬುಡಕ್ಕೇ ಬಂದು ನಿಂತಿರುತ್ತದೆ. ಕಡ್ಡಿ ಗೀರಿದಾಗ ಹೊತ್ತಿಕೊಳ್ಳುವುದು ಸೌದೆಯಲ್ಲ, ಆ ಆವಿ. ಹೊಗೆಯಾಡುವ ಸೌದೆಯ ಮೇಲೆ ಸುರಿದರಂತೂ ಉರಿ ಕ್ಯಾನಿನವರೆಗೂ ಹತ್ತಿ ಬರಬಹುದು. ಇಷ್ಟಾದರೂ ಲಾಭವೇನು? ಮೇಲ್ಮೈಯಲ್ಲಿ ಭಗ್ಗೆಂದು ಉರಿದು ಹೋಗುತ್ತದೆ, ಒಳಗಿನ ಮರ ತಣ್ಣಗೇ ಉಳಿಯುತ್ತದೆ. ನಿಮಗೆ ಏನೂ ಆಗಲಿಲ್ಲವೆಂದರೆ ಅದು ಅದೃಷ್ಟ, ಜಾಣತನವಲ್ಲ.

ಈಗ ವಿಷಯಕ್ಕೆ. ನೀವು ಒಯ್ದದ್ದು ಪೇಪರ್ ಮತ್ತು ದಪ್ಪ ಸೌದೆ. ನಡುವೆ ಇರಬೇಕಾದ ಪುಳ್ಳೆಯೇ ಇಲ್ಲ. ಮರ ನೇರವಾಗಿ ಉರಿಯುವುದಿಲ್ಲ. 250ರಿಂದ 300 ಡಿಗ್ರಿಯಷ್ಟು ಕಾದಾಗ ಅದರಿಂದ ಹೊರಬರುವ ಅನಿಲ ಉರಿಯುತ್ತದೆ. ಸೌದೆಯಲ್ಲಿ ನೀರಿದ್ದರೆ ಮೊದಲು ಅದು ಆವಿಯಾಗಬೇಕು, ಶಾಖವೆಲ್ಲ ಅದಕ್ಕೇ ಖರ್ಚು. ಪೇಪರಿನ ಆಯಸ್ಸು ಅರ್ಧ ನಿಮಿಷ. ಅಷ್ಟರಲ್ಲಿ ಮಣಿಕಟ್ಟಿನ ಗಾತ್ರದ ಸೌದೆ ಬೆಚ್ಚಗೂ ಆಗುವುದಿಲ್ಲ. ಸಾಲದ್ದಕ್ಕೆ ಪೇಪರಿನ ಬೂದಿ ಹಾಳೆಹಾಳೆಯಾಗಿ ಕುಳಿತು ಗಾಳಿಯ ದಾರಿ ಮುಚ್ಚುತ್ತದೆ.

ಹಾಗಾಗಿ ಎರಡು ಗಂಟೆಯ ಬೆಂಕಿಗೆ ಇಷ್ಟು ಬೇಕು: ಬೆಂಕಿಕಡ್ಡಿಯಷ್ಟು ತೆಳ್ಳಗಿನ ಪುಳ್ಳೆ ಎರಡು ಹಿಡಿ, ಪೆನ್ಸಿಲ್ ಗಾತ್ರದ್ದು ಅರ್ಧ ತೆಕ್ಕೆ, ಹೆಬ್ಬೆರಳು ಗಾತ್ರದ್ದು ಒಂದು ತೆಕ್ಕೆ, ಮಣಿಕಟ್ಟು ಗಾತ್ರದ್ದು ಹತ್ತೋ ಹನ್ನೆರಡೋ ತುಂಡು. ಕಡ್ಡಿ ಗೀರುವ ಮೊದಲೇ ಇವೆಲ್ಲ ಪಕ್ಕದಲ್ಲಿರಬೇಕು. ಉರಿ ಎದ್ದ ಮೇಲೆ ಟಾರ್ಚ್ ಹಿಡಿದು ಪುಳ್ಳೆ ಹುಡುಕಲು ಹೋಗುವವರೇ ಜಾಸ್ತಿ. ಒಣಗಿದ ಲಂಟಾನ ಕಡ್ಡಿ, ತೆಂಗಿನ ಒಣಗರಿ ಚೆನ್ನಾಗಿ ಹತ್ತಿಕೊಳ್ಳುತ್ತವೆ. ಏನೂ ಸಿಗದಿದ್ದರೆ ಡಿಪೋ ಸೌದೆಯನ್ನೇ ಸೀಳಿ: ತುಂಡನ್ನು ನಿಲ್ಲಿಸಿ, ತಲೆಯ ಮೇಲೆ ಮಚ್ಚಿನ ಬಾಯಿ ಇಟ್ಟು, ಮಚ್ಚಿನ ಬೆನ್ನಿಗೆ ಇನ್ನೊಂದು ಸೌದೆಯಿಂದ ಹೊಡೆಯಿರಿ. ಮಚ್ಚು ಬೀಸಬೇಡಿ. ಕಣಗಿಲೆ ಕಡ್ಡಿ ಮಾತ್ರ ಬೇಡವೇ ಬೇಡ, ಅದರ ಹೊಗೆಯೂ ವಿಷ. ಬಿದಿರನ್ನು ಸೀಳದೆ ಹಾಕಿದರೆ ಗೆಣ್ಣಿನ ನಡುವಿನ ಗಾಳಿ ಕಾದು ಸಿಡಿಯುತ್ತದೆ.

ಒಣಗಿದೆಯೇ ಎಂದು ನೋಡಲು ಎರಡು ತುಂಡು ಒಂದಕ್ಕೊಂದು ಬಡಿಯಿರಿ. ಟಣ್ ಎಂದರೆ ಸರಿ, ದಬ್ ಎಂದರೆ ಹಸಿ. ಅನುಮಾನವಿದ್ದರೆ ಸೀಳಿ, ಒಳಮೈಯನ್ನು ಕೆನ್ನೆಗೆ ತಾಗಿಸಿ. ಹಸಿ ಇದ್ದರೆ ತಣ್ಣಗೆ ಕೊರೆಯುತ್ತದೆ. ಮಳೆಯಲ್ಲಿ ನೆನೆದ ಒಣಸೌದೆಯ ಹೊರಮೈ ಮಾತ್ರ ಒದ್ದೆ, ಸೀಳಿದರೆ ಒಳಗೆ ಒಣಗಿಯೇ ಇರುತ್ತದೆ.

ಮನೆಯ ವಸ್ತು ಕೇಳಿದ್ದೀರಿ. ಮೊಟ್ಟೆಯ ಟ್ರೇ, ತೆಂಗಿನ ನಾರು, ಮೇಣದಬತ್ತಿ ಸಾಕು. ಟ್ರೇ ರಟ್ಟಿನದಾಗಿರಲಿ, ಪ್ಲಾಸ್ಟಿಕ್ಕಿನದಲ್ಲ. ಒಣ ನಾರನ್ನು ಬೆರಳಲ್ಲಿ ಬಿಡಿಸಿ ಹಗುರವಾಗಿ ಗುಳಿಗಳಿಗೆ ತುಂಬಿ. ಮೇಣವನ್ನು ಬಟ್ಟಲಲ್ಲಿ ಹಾಕಿ, ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ. ಗ್ಯಾಸ್ ಉರಿಯ ಮೇಲೆ ನೇರವಾಗಿ ಇಟ್ಟರೆ ಮೇಣವೇ ಹೊತ್ತಿಕೊಳ್ಳಬಹುದು. ಒಂದೊಂದು ಗುಳಿಗೂ ಎರಡು ಚಮಚ ಮೇಣ ಸುರಿದು, ನಾರಿನ ತುದಿಗಳು ಮೇಣದಿಂದ ಹೊರಗೆ ಚಾಚಿಕೊಂಡಿರುವಂತೆ ಬಿಡಿ, ಅವೇ ಬತ್ತಿ. ಆರಿದ ಮೇಲೆ ಗುಳಿಗುಳಿಯಾಗಿ ಕತ್ತರಿಸಿ. ನಾರು ಬಿಗಿಯಾಗಿ ತುಂಬಿದರೆ, ಮೇಣದಲ್ಲಿ ಮುಳುಗಿಸಿದರೆ ಕರಗಿ ಹರಿಯುತ್ತದೆಯೇ ಹೊರತು ಉರಿಯುವುದಿಲ್ಲ. ಸರಿಯಾಗಿ ಮಾಡಿದ್ದು ಒಂದೊಂದೂ ಹಲವು ನಿಮಿಷ ಉರಿಯುತ್ತದೆ. ಅಷ್ಟು ಹೊತ್ತು ಇದ್ದರೆ ಪೆನ್ಸಿಲ್ ಗಾತ್ರದ ಪುಳ್ಳೆ ಹತ್ತಿಕೊಳ್ಳುತ್ತದೆ.

ಹೂಡುವುದು ಹೀಗೆ. ನೆಲ ಒದ್ದೆಯಿದ್ದರೆ ನಾಲ್ಕು ದಪ್ಪ ಸೌದೆ ಒತ್ತಾಗಿ ಜೋಡಿಸಿ ಹಾಸು ಮಾಡಿ. ಗಾಳಿಗೆ ಅಡ್ಡವಾಗಿ ಒಂದು ತುಂಡು ಮಲಗಿಸಿ, ಅದರ ಮರೆಯಲ್ಲಿ ಎರಡು ಮೇಣದ ಗುಳಿ ಇಡಿ. ಗುಳಿ ಹೊತ್ತಿಸಿ, ತೆಳ್ಳಗಿನ ಪುಳ್ಳೆಯನ್ನು ಆ ತುಂಡಿಗೆ ಓರೆಯಾಗಿ ಒರಗಿಸಿ. ನಡುವೆ ಬೆರಳು ತೂರುವಷ್ಟು ಸಂದು ಇರಲಿ. ಒಂದು ಗಾತ್ರ ಚಟಪಟ ಎಂದು ಪೂರ್ತಿ ಉರಿಯತೊಡಗಿದ ಮೇಲೆಯೇ ಮುಂದಿನ ಗಾತ್ರ. ದಪ್ಪ ಸೌದೆಗೆ ಕಾಲು ಗಂಟೆಯಾದರೂ ಕಾಯಿರಿ. ಬಿಳಿ ಹೊಗೆ ದಟ್ಟವಾಯಿತೋ, ಅವಸರಪಟ್ಟಿರಿ ಎಂದರ್ಥ. ಮೇಲಿನ ತುಂಡು ತೆಗೆದು, ನೆಲಮಟ್ಟದಲ್ಲಿ ಊದುಗೊಳವೆಯಿಂದ ಊದಿ. ಮೇಲಿನಿಂದ ರಟ್ಟು ಬೀಸಿದರೆ ಬೂದಿ ನಿಮ್ಮ ಕಣ್ಣಿಗೆ.

ಪ್ರಶ್ನೆ: ನಿಂಬೆಹಣ್ಣಿಗೆ ಮೊಳೆ ಚುಚ್ಚಿ ಬೆಂಕಿ ಹೊತ್ತಿಸುವ ವಿಡಿಯೋ ನಿಜವೇ? (ಯಲಹಂಕ)

ಉತ್ತರ: ಸುಳ್ಳು. ಅದರಲ್ಲಿ ಹುಟ್ಟುವ ಕರೆಂಟಿಗೆ ವಿಡಿಯೋದಲ್ಲಿ ತೋರಿಸುವ ಸ್ಟೀಲ್ ವೂಲ್ (ತೆಳ್ಳಗಿನ ಉಕ್ಕಿನ ನಾರು) ಬಿಸಿ ಕೂಡ ಆಗುವುದಿಲ್ಲ. ಪಾನಕ ಮಾಡಿಕೊಳ್ಳಿ.

ಪ್ರಶ್ನೆ: ಸ್ಯಾನಿಟೈಸರ್, ಕರ್ಪೂರ, ಯಾವುದು ಒಳ್ಳೆಯದು? (ರಾಜಾಜಿನಗರ)

ಉತ್ತರ: ಕರ್ಪೂರ. ಪೂಜೆಯ ಅಗ್ಗದ ಬಿಲ್ಲೆ ಮೂರು ನಾಲ್ಕು ಸಾಕು, ದುಬಾರಿ ಭೀಮಸೇನಿ ಕರ್ಪೂರಕ್ಕೆ ದುಡ್ಡು ಸುರಿಯಬೇಡಿ. ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಇಲ್ಲದಿದ್ದರೆ ತಾನೇ ಕರಗಿ ಹೋಗುತ್ತದೆ. ಮಕ್ಕಳ ಬಾಯಿಗೆ ಹೋದರೆ ಅಪಾಯ. ಸ್ಯಾನಿಟೈಸರ್ ಉರಿ ಬೆಳಕಿನಲ್ಲಿ ಕಣ್ಣಿಗೇ ಕಾಣುವುದಿಲ್ಲ. ಆರಿದೆ ಎಂದುಕೊಂಡು ಮತ್ತೆ ಸುರಿದವರ ಕೈ ಸುಡುತ್ತದೆ.

ಪ್ರಶ್ನೆ: ಕೈ ಸುಟ್ಟರೆ ಟೂತ್‌ಪೇಸ್ಟ್ ಹಚ್ಚಬಹುದೇ? (ಬಸವನಗುಡಿ)

ಉತ್ತರ: ಪೇಸ್ಟ್ ಹಲ್ಲಿಗೆ. ಇಂಕು, ಕಾಫಿಪುಡಿ, ಐಸ್ ಯಾವುದೂ ಬೇಡ. ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯಿರಿ. ಬೊಬ್ಬೆ ಒಡೆಯಬೇಡಿ. ಅಂಗೈಗಿಂತ ದೊಡ್ಡ ಗಾಯವಾಗಿದ್ದರೆ, ಮುಖ ಸುಟ್ಟಿದ್ದರೆ ಸೀದಾ ಆಸ್ಪತ್ರೆಗೆ.

ಪ್ರಶ್ನೆ: ಟೆಂಟ್ ಒಳಗೆ ಕೆಂಡ ಇಟ್ಟುಕೊಳ್ಳಬಹುದೇ? (ಹೆಬ್ಬಾಳ)

ಉತ್ತರ: ಇಲ್ಲ. ಕೆಂಡದಿಂದ ಬರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ಪ್ರಶ್ನೆ: ಸಾವನದುರ್ಗದ ಕಾಡಂಚಿನಲ್ಲಿ ಚಿಕ್ಕದಾಗಿ ಹಾಕಿದರೆ? (ವಿಜಯನಗರ)

ಉತ್ತರ: ಮೀಸಲು ಅರಣ್ಯದಲ್ಲಿ ಬೆಂಕಿ ಹಾಕುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಚಿಕ್ಕದು, ದೊಡ್ಡದು ಎಂಬ ವಿನಾಯಿತಿ ಕೇಳಬೇಡಿ. ಜನವರಿ ಕಳೆದ ಮೇಲೆ ಅಲ್ಲಿನ ಹುಲ್ಲಿಗೆ ಒಂದು ಕಿಡಿ ಸಾಕು.

ಪ್ರಶ್ನೆ: ಹೊರಡುವಾಗ ಬೆಂಕಿಗೆ ಮಣ್ಣು ಮುಚ್ಚಿದರೆ ಆಯಿತಲ್ಲವೇ? (ಮಲ್ಲೇಶ್ವರ)

ಉತ್ತರ: ಬೂದಿ ಮುಚ್ಚಿದ ಕೆಂಡ ಅನ್ನುವ ಮಾತು ಬಳಸುತ್ತೀರಲ್ಲ, ಅದು ಹುಟ್ಟಿದ್ದೇ ಒಲೆಯ ಮುಂದೆ. ಬೆಳಗಿನ ಒಲೆಗೆ ಬೆಂಕಿ ಉಳಿಯಲಿ ಎಂದು ರಾತ್ರಿ ಕೆಂಡಕ್ಕೆ ಬೂದಿ ಮುಚ್ಚುತ್ತಿದ್ದರು. ನೀವು ಮಣ್ಣು ಮುಚ್ಚಿ ಮಾಡುತ್ತಿರುವುದೂ ಅದನ್ನೇ. ಒಂದು ಬಕೆಟ್ ನೀರು ಸುರಿದು, ಕೋಲಿನಿಂದ ಕದಡಿ, ಮತ್ತೆ ಸುರಿಯಿರಿ. ಚುರ್ ಎನ್ನುವುದು ನಿಂತ ಮೇಲೆ ಅಂಗೈಯ ಹಿಂಭಾಗವನ್ನು ಹತ್ತಿರ ಹಿಡಿಯಿರಿ. ಬಿಸಿ ತಾಗಿದರೆ ಇನ್ನೊಂದು ಬಕೆಟ್.